ಕಸ ಬೀಳುವ ಮೊದಲು

“ಸಾರ್, ಕರು ಬೆಳೀತಾನೇ ಇಲ್ಲ. ಮೂರು ತಿಂಗಳಾಯ್ತು, ಇನ್ನೂ ಮೇಕೆಮರಿ ಥರ ಐತೆ. ಯಾವ್ದಾದ್ರೂ ಒಳ್ಳೆ ಟಾನಿಕ್ ಹೇಳಿ.”

ಈ ಅಂಕಣ ಶುರುವಾದಾಗಿನಿಂದ ನನಗೆ ಅತಿ ಹೆಚ್ಚು ಬಂದ ಪ್ರಶ್ನೆ ಇದೇ. ಸಾಸಲು, ತೂಬಗೆರೆ ಕಡೆಯಿಂದ ಬರುತ್ತದೆ, ಸೂಲಿಬೆಲೆ, ನಂದಗುಡಿಯಿಂದ ಬರುತ್ತದೆ, ತ್ಯಾಮಗೊಂಡ್ಲುವಿನಿಂದ ಬರುತ್ತದೆ. ನಾನು ಟಾನಿಕ್ಕಿನ ಹೆಸರು ಹೇಳುವ ಮೊದಲು ಒಂದು ಮರುಪ್ರಶ್ನೆ ಕೇಳುತ್ತೇನೆ: ಹುಟ್ಟಿ ಎಷ್ಟು ಹೊತ್ತಿಗೆ ಗಿಣ್ಣು ಕುಡೀತು? ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಬರುವ ಉತ್ತರವೂ ಹೆಚ್ಚು ಕಡಿಮೆ ಒಂದೇ: “ಕಸ ಬಿದ್ಮೇಲೆ ಬಿಟ್ವಿ ಸಾರ್.” ಕಸ ಎಂದರೆ ಮಾಸು, ಕೆಲವು ಕಡೆ ಸತ್ತೆ ಎನ್ನುತ್ತಾರೆ. ಅದು ಬೀಳಲು ಎಷ್ಟು ಹೊತ್ತಾಯಿತು ಎಂದು ಕೇಳಿದರೆ ಆರು ಗಂಟೆ, ಎಂಟು ಗಂಟೆ, ಒಮ್ಮೊಮ್ಮೆ ಬೆಳಗಿನಿಂದ ಸಂಜೆ.

ಹೋದ ತಿಂಗಳು ವಿಜಯಪುರ ಕಡೆಯ ಓದುಗರೊಬ್ಬರು ಇದೇ ಪ್ರಶ್ನೆಯನ್ನು ಸ್ವಲ್ಪ ಬೇರೆ ರೀತಿ ಕೇಳಿದರು. ಕರುಗಳಿಗೆ ‘ಗ್ರೋತ್ ಫ್ಯಾಕ್ಟರ್’ ಇರುವ ಪುಡಿ ಬರುತ್ತದಂತೆ, ಅದನ್ನು ಹಾಕಿದರೆ ಬೇಗ ಬೆಳೆಯುತ್ತವಂತೆ, ನಿಜವೇ? ಗ್ರೋತ್ ಫ್ಯಾಕ್ಟರ್ ಎಂಬ ಮಾತು ನಮ್ಮ ಕೊಟ್ಟಿಗೆಯವರೆಗೂ ಬಂದಿದೆ ಎಂದ ಮೇಲೆ ಅದನ್ನು ಬಿಡಿಸಿ ಹೇಳಬೇಕು. ಹಸುವಿನ ಮಾತಿಗೆ ಬರುವ ಮೊದಲು ಕುದುರೆಯ ಕಡೆ ಹೋಗಿಬರುತ್ತೇನೆ. ಹುಟ್ಟಿದ ಮೊದಲ ಗಂಟೆಗಳ ಬೆಲೆ ಏನು ಎಂಬುದನ್ನು ನನಗೆ ಕಲಿಸಿದ್ದು ಕುದುರೆ ಸಾಕುವವರು.

ನೆಲಮಂಗಲದಲ್ಲಿ ಮಂಗಳೂರು ಹೆದ್ದಾರಿ ಹಿಡಿದರೆ ಒಂದು ಗಂಟೆಯೊಳಗೆ ಕುಣಿಗಲ್. ಅಲ್ಲಿನ ಕುದುರೆ ಫಾರಂ ಹೈದರ್, ಟಿಪ್ಪು ಕಾಲದಿಂದ ಬಂದದ್ದು. ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪುವಿನ ಸೈನ್ಯಕ್ಕೆ ಕುದುರೆ ಬೆಳೆಸಿದ ಜಾಗ ಅದು. ಕಾಲಾಂತರದಲ್ಲಿ ಯುದ್ಧದ ಕುದುರೆಗಳು ಹೋಗಿ ರೇಸಿನ ಕುದುರೆಗಳು ಬಂದವು. 1992ರಲ್ಲಿ ಸರ್ಕಾರ ಅದನ್ನು ಖಾಸಗಿಯವರಿಗೆ ಗುತ್ತಿಗೆಗೆ ಕೊಟ್ಟಿತು. ರೇಸಿನ ಥರೋಬ್ರೆಡ್ ತಳಿಗೆ ನಮ್ಮಲ್ಲಿ ಜನವರಿ 1ನೇ ತಾರೀಕೇ ಎಲ್ಲರ ಹುಟ್ಟುಹಬ್ಬ. ಮಾರ್ಚ್‌ನಲ್ಲಿ ಹುಟ್ಟಲಿ, ಏಪ್ರಿಲ್‌ನಲ್ಲಿ ಹುಟ್ಟಲಿ, ಮುಂದಿನ ಜನವರಿ 1ಕ್ಕೆ ಒಂದು ವರ್ಷ ತುಂಬಿತು ಎಂದೇ ಲೆಕ್ಕ. ಹಾಗಾಗಿ ಮರಿಗಳು ವರ್ಷದ ಮೊದಲಲ್ಲೇ ಹುಟ್ಟಲಿ ಎಂದು ಸಾಕುವವರು ಹಂಬಲಿಸುತ್ತಾರೆ. ಜನವರಿ, ಫೆಬ್ರವರಿಯ ಚಳಿಯ ರಾತ್ರಿಗಳಲ್ಲಿ ಅಶ್ವಶಾಲೆಯವರಿಗೆ ನಿದ್ದೆ ಇರುವುದಿಲ್ಲ. ಕುದುರೆ ಹೆಚ್ಚಾಗಿ ಈಯುವುದೂ ರಾತ್ರಿಯೇ. ಸುತ್ತ ಜನರಿದ್ದರೆ, ಗದ್ದಲವಿದ್ದರೆ ಸ್ವಲ್ಪ ಹೊತ್ತು ತಡೆದುಕೊಳ್ಳುವಷ್ಟು ಹಿಡಿತ ಅದಕ್ಕಿದೆ.

ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಓದು ಮುಗಿಸಿದ ಹೊಸದರಲ್ಲಿ, ಕುಣಿಗಲ್ ಕಡೆಯ ಒಂದು ಅಶ್ವಶಾಲೆಯಲ್ಲಿ ಹಾಗೊಂದು ರಾತ್ರಿ ಕಳೆದಿದ್ದೆ. ಹೆಣ್ಣು ಕುದುರೆಯ ಮೊಲೆತೊಟ್ಟಿನ ತುದಿಯಲ್ಲಿ ಎರಡು ದಿನದ ಹಿಂದೆಯೇ ಮೇಣದ ಹನಿಯಂಥದ್ದು ಕಾಣಿಸಿಕೊಂಡಿತ್ತು. ಒಸರಿದ ಗಿಣ್ಣು ಒಣಗಿ ಕಟ್ಟಿದ್ದು ಅದು. ನೋಡಿಕೊಳ್ಳುವ ಹಿರಿಯ ಪ್ರತಿ ಸಂಜೆ ಒಂದೆರಡು ಹನಿ ಹಿಂಡಿ, ನೀರಿನ ಗಡಸುತನ ನೋಡುವ ಪಟ್ಟಿಯ ಮೇಲೆ ಹಾಕಿ ಬಣ್ಣ ನೋಡುತ್ತಿದ್ದ. ಈಯುವ ಹೊತ್ತು ಹತ್ತಿರ ಬಂದಂತೆ ಹಾಲಿನಲ್ಲಿ ಕ್ಯಾಲ್ಸಿಯಂ ಏರುತ್ತದೆ, ಪಟ್ಟಿಯ ಬಣ್ಣ ಬದಲಾಗುತ್ತದೆ. ಆ ರಾತ್ರಿ ಒಂದೂವರೆಗೆ ನೀರು ಒಡೆಯಿತು. ಇಪ್ಪತ್ತು ನಿಮಿಷ ಕಳೆಯುವುದರೊಳಗೆ ಮರಿ ಹುಲ್ಲಿನ ಮೇಲಿತ್ತು. ಒದ್ದೆ ಮೈ, ತೆರೆದ ಕಣ್ಣು, ಮೈಗಿಂತ ಕಾಲೇ ಹೆಚ್ಚು ಎನ್ನಿಸುವ ಕಾಲುಗಳು.

ಗೋಡೆಗೆ ಒಂದು ಕಪ್ಪು ಹಲಗೆ ತೂಗುಹಾಕಿತ್ತು. ಹಿರಿಯ ಮರಿಯನ್ನು ಮುಟ್ಟುವ ಮೊದಲು ಸೀಮೆಸುಣ್ಣ ತೆಗೆದುಕೊಂಡು ಹುಟ್ಟಿದ ಹೊತ್ತು ಬರೆದ. ಅದರ ಕೆಳಗೆ ಮೂರು ಖಾಲಿ ಗೆರೆಗಳು: ನಿಂತದ್ದು, ಕುಡಿದದ್ದು, ಕಸ ಬಿದ್ದದ್ದು. ಒಂದು ಗಂಟೆಯೊಳಗೆ ಮರಿ ನಿಲ್ಲಬೇಕು, ಎರಡು ಗಂಟೆಯೊಳಗೆ ಮೊಲೆ ಹಿಡಿಯಬೇಕು, ಮೂರು ಗಂಟೆಯೊಳಗೆ ಕಸ ಬೀಳಬೇಕು. ಪ್ರಪಂಚದ ಯಾವ ಅಶ್ವಶಾಲೆಗೆ ಹೋದರೂ ಈ ಒಂದು-ಎರಡು-ಮೂರರ ಲೆಕ್ಕ ಸಿಗುತ್ತದೆ. ಎರಡು ಗಂಟೆ ಮೀರಿತೆಂದರೆ ಅಲ್ಲಿ ಯಾರೂ ಸುಮ್ಮನೆ ಕೂರುವುದಿಲ್ಲ. ಹಾಲು ಹಿಂಡಿ ಬಾಟಲಿಯಲ್ಲಾದರೂ ಕುಡಿಸುತ್ತಾರೆ. ನಾನು ದೊಡ್ಡಬಳ್ಳಾಪುರದ ಪಕ್ಕದ ಹಳ್ಳಿಯಲ್ಲಿ ಹಸು, ಎಮ್ಮೆ ನಡುವೆ ಬೆಳೆದವನು. ಆ ಹಲಗೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಗಂಟೆಗಳ ಲೆಕ್ಕಕ್ಕಿಂತ ಅವುಗಳ ಸಾಲು. ಕುಡಿಯುವುದು ಮೊದಲು, ಕಸ ಆಮೇಲೆ. ನಮ್ಮ ಕೊಟ್ಟಿಗೆಯಲ್ಲಿ ಇದು ತಿರುವುಮುರುವಾಗಿತ್ತು.

ಈಗ ಗ್ರೋತ್ ಫ್ಯಾಕ್ಟರ್ ಮಾತಿಗೆ ಬರೋಣ. ಕನ್ನಡದಲ್ಲಿ ಬೆಳವಣಿಗೆಯ ಅಂಶ ಎನ್ನಬಹುದು. ಇವು ಪೋಷಕಾಂಶಗಳಲ್ಲ, ಹೊಟ್ಟೆ ತುಂಬಿಸುವುದಿಲ್ಲ. ಒಂದು ಜೀವಕೋಶ ಇನ್ನೊಂದಕ್ಕೆ ಕಳಿಸುವ ಸುದ್ದಿ ಇವು: ‘ಒಡೆದು ಎರಡಾಗು’, ‘ದೊಡ್ಡದಾಗು’, ‘ಈಗ ಸಾಯಬೇಡ’. 1950ರ ದಶಕದಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಿಶ್ವವಿದ್ಯಾಲಯದಲ್ಲಿ ರೀಟಾ ಲೆವಿ-ಮೊಂಟಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೋಹೆನ್ ನರಗಳನ್ನು ಬೆಳೆಸುವ ಅಂಶವೊಂದನ್ನು ಹುಡುಕುತ್ತಿದ್ದರು. ಇಲಿಯ ಜೊಲ್ಲುಗ್ರಂಥಿಯ ಸಾರವನ್ನು ಆಗತಾನೇ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದಾಗ ಅವರು ನಿರೀಕ್ಷಿಸದ ಒಂದು ಸಂಗತಿ ನಡೆಯಿತು. ಎರಡು ವಾರಕ್ಕೆ ಕಣ್ಣು ಬಿಡಬೇಕಾದ ಮರಿಗಳು ಒಂದೇ ವಾರಕ್ಕೆ ಬಿಟ್ಟವು, ಹಲ್ಲೂ ಬೇಗ ಮೂಡಿದವು. ಆ ಸಾರದಲ್ಲಿ ಚರ್ಮದ ಪದರಗಳನ್ನು ಬೆಳೆಸುವ ಇನ್ನೊಂದು ಅಂಶ ಬೆರೆತಿತ್ತು. ಕೋಹೆನ್ ಅದನ್ನು ಬೇರ್ಪಡಿಸಿದರು, ಅದೇ ಇಜಿಎಫ್. 1986ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅದೇ ವಿಶ್ವವಿದ್ಯಾಲಯದಲ್ಲಿ 1957ರಲ್ಲಿ ಸಾಲ್ಮನ್ ಮತ್ತು ಡಾಹಡೆ ಇನ್ನೊಂದು ಸುಳಿವು ಹಿಡಿದಿದ್ದರು. ಬೆಳವಣಿಗೆಯ ಹಾರ್ಮೋನು ಎಲುಬಿನ ತುದಿಯ ಮೃದ್ವಸ್ಥಿಯ ಮೇಲೆ ತಾನೇ ಕೆಲಸ ಮಾಡುವುದಿಲ್ಲ, ರಕ್ತದಲ್ಲಿ ಮಧ್ಯವರ್ತಿಯೊಂದನ್ನು ಹುಟ್ಟಿಸಿ ಅದರ ಮೂಲಕ ಮಾಡಿಸುತ್ತದೆ ಎಂಬುದು ಅದು. ಆ ಮಧ್ಯವರ್ತಿಯನ್ನು ಇಂದು ಐಜಿಎಫ್ ಎನ್ನುತ್ತೇವೆ. ರೂಪದಲ್ಲಿ ಇನ್ಸುಲಿನ್ನನ್ನು ಹೋಲುವ ಬೆಳವಣಿಗೆಯ ಅಂಶ ಎಂದು ಅದರ ಅರ್ಥ. ಹುಟ್ಟಿದ ಮೇಲೆ ಅದರ ಬಹುಪಾಲು ತಯಾರಾಗುವುದು ಯಕೃತ್ತಿನಲ್ಲಿ.

ಗರ್ಭದೊಳಗೆ ಆಟ ಬೇರೆ. ಅಲ್ಲಿ ಬೆಳವಣಿಗೆಯ ಹಾರ್ಮೋನಿನ ಪಾತ್ರ ಕಡಿಮೆ. ಮಾಸಿನ ಮೂಲಕ ತಾಯಿಯಿಂದ ಎಷ್ಟು ಸಕ್ಕರೆ, ಎಷ್ಟು ಅಮೈನೋ ಆಮ್ಲ ಬಂತು ಎಂಬುದನ್ನು ನೋಡಿಕೊಂಡು ಭ್ರೂಣ ತನ್ನ ಐಜಿಎಫ್ ಪ್ರಮಾಣವನ್ನು ಏರಿಳಿಸುತ್ತದೆ. ಅಂದರೆ ಮರಿ ಎಷ್ಟು ದೊಡ್ಡದಾಗಬೇಕು ಎಂಬ ತೀರ್ಮಾನದಲ್ಲಿ ತಾಯಿಯ ಗರ್ಭಕ್ಕೆ ದೊಡ್ಡ ಮಾತಿದೆ. ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಿದವರು ಕೇಂಬ್ರಿಡ್ಜಿನ ವಾಲ್ಟನ್ ಮತ್ತು ಹ್ಯಾಮಂಡ್. ಗಾಡಿ ಎಳೆಯುವ ಆನೆಯಂಥ ಶೈರ್ ಕುದುರೆಯನ್ನೂ ಮೊಳಕಾಲೆತ್ತರದ ಶೆಟ್‌ಲ್ಯಾಂಡ್ ಕುದುರೆಯನ್ನೂ ಅವರು ಕೃತಕ ಗರ್ಭಧಾರಣೆಯಿಂದ ಎರಡೂ ದಿಕ್ಕಿನಲ್ಲಿ ಬೆರೆಸಿದರು. ಒಮ್ಮೆ ತಾಯಿ ಶೈರ್, ಒಮ್ಮೆ ತಾಯಿ ಶೆಟ್‌ಲ್ಯಾಂಡ್. ಎರಡೂ ಮರಿಗಳಲ್ಲಿ ಅರ್ಧರ್ಧ ರಕ್ತ. ಆದರೂ ಶೈರ್ ತಾಯಿಯ ಮರಿ ಹುಟ್ಟುವಾಗ ಇನ್ನೊಂದರ ಮೂರು ಪಟ್ಟು ತೂಗುತ್ತಿತ್ತು. 1938ರಲ್ಲಿ ಪ್ರಕಟವಾದ ಈ ಕೆಲಸವನ್ನು ನಾನು ಇಂದಿಗೂ ರೈತ ಸಭೆಗಳಲ್ಲಿ ಹೇಳುತ್ತೇನೆ. ವೀರ್ಯದ ಕಡ್ಡಿಯ ಮೇಲಿರುವ ಹೋರಿಯ ಹೆಸರನ್ನಷ್ಟೇ ನೋಡಿ ದೊಡ್ಡ ಕರು ನಿರೀಕ್ಷಿಸುವವರಿಗೆ ತಾಯಿಯ ಲೆಕ್ಕವೂ ಗೊತ್ತಿರಬೇಕು.

ಕುದುರೆಯ ಮಾಸನ್ನು ಬಿಡಿಸಿ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಹಸುವಿನ ಮಾಸಿನಲ್ಲಿ ಗುಂಡಿಗಳಂಥ ಗಂಟುಗಳು ಅಲ್ಲಲ್ಲಿ ಅಂಟಿಕೊಂಡಿರುತ್ತವೆ. ಕುದುರೆಯದು ಮಖಮಲ್ಲಿನ ಹಾಗೆ, ಗರ್ಭಕೋಶದ ಇಡೀ ಒಳಗೋಡೆಗೆ ಉದ್ದಕ್ಕೂ ಹಾಸಿಕೊಂಡಿರುತ್ತದೆ. ಆ ಗೋಡೆ ಒಂದು ಮರಿಗೆ ಮಾತ್ರ ಸಾಲುತ್ತದೆ. ಅವಳಿ ನಿಂತರೆ ಇಬ್ಬರ ಹಾಸಿಗೆಯೂ ಅರ್ಧ, ಹೆಚ್ಚಿನ ಸಲ ಎರಡೂ ಉಳಿಯುವುದಿಲ್ಲ. ಅದಕ್ಕೇ ಅಶ್ವಶಾಲೆಯ ವೈದ್ಯರು ಎರಡು ವಾರದ ಗರ್ಭವನ್ನೇ ಸ್ಕ್ಯಾನ್ ಮಾಡಿ, ಎರಡಿದ್ದರೆ ಒಂದನ್ನು ಆಗಲೇ ತೆಗೆದುಬಿಡುತ್ತಾರೆ. ಮಾಡಲು ಬೇಸರವಾಗುವ ಕೆಲಸ, ಆದರೆ ಇನ್ನೊಂದು ಬದುಕುವುದು ಅದರಿಂದಲೇ.

ಸುಮಾರು 340 ದಿನ ಹೀಗೆ ಬೆಳೆದ ಮರಿಯ ಶ್ವಾಸಕೋಶ, ಕರುಳು, ಥೈರಾಯ್ಡ್ ಎಲ್ಲ ಹೊರಜಗತ್ತಿಗೆ ಅಣಿಯಾಗುವುದು ಕೊನೆಗೆ. ಕುದುರೆಯಲ್ಲಂತೂ ಆ ಅಣಿಮಾಡುವ ಕಾರ್ಟಿಸಾಲ್ ಉಬ್ಬರ ಬರುವುದು ಹುಟ್ಟುವ ಹಿಂದಿನ ಎರಡು ಮೂರು ದಿನಗಳಲ್ಲಿ. 320 ದಿನಕ್ಕೆ ಮೊದಲೇ ಹುಟ್ಟಿದ ಮರಿ ರೂಪದಲ್ಲಿ ಕುದುರೆಯಾಗಿದ್ದರೂ ಒಳಗಿನ್ನೂ ಹಸಿ ಇರುತ್ತದೆ.

ಹೊಕ್ಕುಳಬಳ್ಳಿ ಹರಿದ ಕ್ಷಣ ತಾಯಿಯಿಂದ ಬರುತ್ತಿದ್ದ ಸಕ್ಕರೆಯೂ ನಿಲ್ಲುತ್ತದೆ, ಅದನ್ನು ನೆಚ್ಚಿಕೊಂಡಿದ್ದ ಬೆಳವಣಿಗೆಯ ಮಾತುಕತೆಯೂ ತಡವರಿಸುತ್ತದೆ. ಥರೋಬ್ರೆಡ್ ಮರಿ ಹುಟ್ಟುವಾಗ ಸುಮಾರು 50 ಕೆ.ಜಿ. ಇರುತ್ತದೆ. ಅದು ಮುಂದೆ ದಿನಕ್ಕೆ ಒಂದು ಕೆ.ಜಿ.ಗೂ ಮೀರಿ ಬೆಳೆದು, ಒಂದೂವರೆ ತಿಂಗಳ ಹೊತ್ತಿಗೆ ಎರಡರಷ್ಟಾಗಬೇಕು. ಆ ಬೆಳವಣಿಗೆಗೆ ಬೇಕಾದ ಐಜಿಎಫ್ಫನ್ನು ಇನ್ನು ಮೇಲೆ ಮರಿಯ ಯಕೃತ್ತೇ ತಯಾರಿಸಿಕೊಳ್ಳಬೇಕು. ಯಕೃತ್ತು ಅದನ್ನು ತಯಾರಿಸುವುದು ಹೊಟ್ಟೆ ತುಂಬಿದಾಗ. ಹಸಿದ ಮರಿಯಲ್ಲಿ, ಕಾಯಿಲೆ ಬಿದ್ದ ಮರಿಯಲ್ಲಿ ಬೆಳವಣಿಗೆಯ ಹಾರ್ಮೋನು ಎಷ್ಟಿದ್ದರೂ ಐಜಿಎಫ್ ಏಳುವುದಿಲ್ಲ. ಟಾನಿಕ್ ಕೇಳುವವರಿಗೆ ಇದು ನನ್ನ ಮೊದಲ ಉತ್ತರ. ಬೆಳವಣಿಗೆಯ ಅಂಶದ ಕಾರ್ಖಾನೆ ಕರುವಿನ ಹೊಟ್ಟೆಯೊಳಗೇ ಇದೆ. ಅದಕ್ಕೆ ಸೌದೆ ಬೇಕು. ಮೊದಲ ಸೌದೆ ಗಿಣ್ಣು.

ಗಿಣ್ಣು ಬರೀ ಸೌದೆಯೂ ಅಲ್ಲ. ಮನುಷ್ಯರ ಮಗು ಹುಟ್ಟುವಾಗಲೇ ತಾಯಿಯ ರಕ್ತದ ಪ್ರತಿಕಾಯಗಳನ್ನು ಪಡೆದುಕೊಂಡು ಬಂದಿರುತ್ತದೆ. ನಮ್ಮ ಮಾಸಿನಲ್ಲಿ ತಾಯಿಯ ರಕ್ತಕ್ಕೂ ಮಗುವಿನ ರಕ್ತಕ್ಕೂ ನಡುವೆ ಪದರಗಳು ಕಡಿಮೆ. ಕುದುರೆ, ಹಸು, ಎಮ್ಮೆ, ಮೇಕೆಗಳಲ್ಲಿ ಆ ನಡುಗೋಡೆ ದಪ್ಪ. ದೊಡ್ಡ ಗಾತ್ರದ ಪ್ರತಿಕಾಯಗಳು ದಾಟಲಾರವು. ಕರು, ಕುದುರೆಮರಿಗಳು ಹುಟ್ಟುವಾಗ ರೋಗದ ಎದುರು ಬರಿಗೈಯಲ್ಲಿ ಹುಟ್ಟುತ್ತವೆ. ತಾಯಿ ಈಯುವ ಮುನ್ನಿನ ವಾರಗಳಲ್ಲಿ ತನ್ನ ರಕ್ತದ ಪ್ರತಿಕಾಯಗಳನ್ನು ಕೆಚ್ಚಲಿಗೆ ಇಳಿಸಿ ಗಿಣ್ಣಿನಲ್ಲಿ ಕೂಡಿಟ್ಟಿರುತ್ತದೆ. ಮರಿಯ ಕರುಳೂ ಅದಕ್ಕೆ ತಕ್ಕಂತೆ ಮೊದಲ ಹೊತ್ತಿನಲ್ಲಿ ಬಾಗಿಲು ತೆರೆದಿಟ್ಟುಕೊಂಡಿರುತ್ತದೆ. ಪ್ರತಿಕಾಯಗಳನ್ನು ಜೀರ್ಣಿಸದೆ ಇಡಿಯಾಗಿ ನುಂಗಿ ರಕ್ತಕ್ಕೆ ಬಿಡುವ ವಿಶೇಷ ಕೋಶಗಳು ಅಲ್ಲಿರುತ್ತವೆ. ಆ ಕೋಶಗಳು ಗಂಟೆಗಂಟೆಗೂ ಉದುರಿ, ಅವುಗಳ ಜಾಗಕ್ಕೆ ಸಾಮಾನ್ಯ ಕೋಶಗಳು ಬರುತ್ತವೆ. ಮೊದಲ ಆರೆಂಟು ಗಂಟೆಯಲ್ಲಿ ಬಾಗಿಲು ಚೆನ್ನಾಗಿ ತೆರೆದಿರುತ್ತದೆ, 24 ಗಂಟೆಯ ಹೊತ್ತಿಗೆ ಮುಚ್ಚಿರುತ್ತದೆ. ಮುಚ್ಚಿದ ಮೇಲೆ ಕೊಡ ತುಂಬ ಗಿಣ್ಣು ಕುಡಿಸಿದರೂ ಪ್ರತಿಕಾಯ ರಕ್ತಕ್ಕೆ ಹೋಗುವುದಿಲ್ಲ. ಕುದುರೆಯವರು ಮಾರನೆಯ ದಿನ ಮರಿಯ ರಕ್ತ ಪರೀಕ್ಷೆ ಮಾಡಿಸಿ, ಡೆಸಿಲೀಟರಿಗೆ 800 ಮಿಲಿಗ್ರಾಂ ಪ್ರತಿಕಾಯ ಇದೆಯೇ ನೋಡುತ್ತಾರೆ. 400ಕ್ಕಿಂತ ಕಡಿಮೆಯಿದ್ದರೆ ಮರಿಗೆ ನೇರವಾಗಿ ರಕ್ತನಾಳಕ್ಕೆ ಪ್ಲಾಸ್ಮಾ ಕೊಡಬೇಕಾಗುತ್ತದೆ. ಆ ಪರೀಕ್ಷೆಯ ಅನುಕೂಲ ನಮ್ಮ ಕರುಗಳಿಗೆ ಇಲ್ಲ. ಗಡಿಯಾರ ಮಾತ್ರ ಎಲ್ಲರ ಮನೆಯಲ್ಲೂ ಇದೆ.

ಕುದುರೆಯಲ್ಲಿ ಅಪರೂಪಕ್ಕೆ ತಾಯಿಯ ಗಿಣ್ಣೇ ಮರಿಯ ಕೆಂಪು ರಕ್ತಕಣಗಳನ್ನು ಒಡೆಯುವ ಸಂದರ್ಭವಿದೆ. ಅಂಥ ತಾಯಿ ಎಂದು ಗೊತ್ತಿದ್ದರೆ ಮರಿಯ ಬಾಯಿಗೆ ಕುಕ್ಕೆ ಕಟ್ಟಿ ಬೇರೆ ಕುದುರೆಯ ಗಿಣ್ಣು ಕುಡಿಸುತ್ತಾರೆ. ಹಸು ಸಾಕುವವರು ಅದಕ್ಕೆ ಹೆದರಬೇಕಾದ್ದಿಲ್ಲ.

ನಮ್ಮಮ್ಮ ಇದ್ಯಾವುದನ್ನೂ ಓದಿದವಳಲ್ಲ. ಆದರೆ ಗಿಣ್ಣಿನ ಗಟ್ಟಿತನವನ್ನು ಅವಳಷ್ಟು ಚೆನ್ನಾಗಿ ಅಳೆಯುವ ಉಪಕರಣವನ್ನು ನಾನು ಕಂಡಿಲ್ಲ. ಮೊದಲ ಸಲ ಕರೆದ ಗಿಣ್ಣಿಗೆ ಅದರಷ್ಟೇ ಅಥವಾ ಇನ್ನೂ ಹೆಚ್ಚು ಮಾಮೂಲಿ ಹಾಲು ಬೆರೆಸುತ್ತಿದ್ದಳು, ಇಲ್ಲದಿದ್ದರೆ ರಬ್ಬರಿನ ಹಾಗೆ ಆಗುತ್ತದೆ ಎಂದು. ಎರಡನೇ ಸಲದ್ದಕ್ಕೆ ಸ್ವಲ್ಪ. ಮೂರನೆಯ ದಿನದ್ದಕ್ಕೆ ಏನೂ ಬೆರೆಸುತ್ತಿರಲಿಲ್ಲ, ಆದರೂ ಅದು ನೆಟ್ಟಗೆ ಕೂರುತ್ತಿರಲಿಲ್ಲ. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿಟ್ಟರೆ ನೀರು ಬಿಟ್ಟುಕೊಳ್ಳುತ್ತಿತ್ತು. ಕಾಲೇಜಿಗೆ ಹೋದ ಮೇಲೆ ಕಾರಣ ಗೊತ್ತಾಯಿತು. ಮಾಮೂಲಿ ಹಾಲಿನಲ್ಲಿ ಪ್ರೋಟೀನು ಶೇಕಡಾ ಮೂರರ ಆಸುಪಾಸು. ಮೊದಲ ಗಿಣ್ಣಿನಲ್ಲಿ ಶೇಕಡಾ 14ರ ಹತ್ತಿರ, ಅದರಲ್ಲಿ ದೊಡ್ಡ ಪಾಲು ಈ ಪ್ರತಿಕಾಯಗಳೇ. ಬಿಸಿ ತಾಗಿದಾಗ ಮೊಟ್ಟೆಯ ಬಿಳಿಯ ಹಾಗೆ ಹೆಪ್ಪುಗಟ್ಟುವುದು ಇಂಥ ಪ್ರೋಟೀನುಗಳು. ಎರಡನೇ ಸಲದ ಹಾಲಿನಲ್ಲಿ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಮುಂದಿನದರಲ್ಲಿ ಇನ್ನೂ. ಬಾಣಲೆಯಲ್ಲಿ ಗಟ್ಟಿಯಾಗುವುದು ಯಾವುದೋ, ಕರುವಿನ ರಕ್ತದಲ್ಲಿ ಕಾವಲು ನಿಲ್ಲುವುದೂ ಅದೇ. ಡೈರಿಯಲ್ಲಿ ಮೊದಲ ಕೆಲವು ದಿನದ ಹಾಲು ತೆಗೆದುಕೊಳ್ಳದಿರುವುದೂ ಅದು ಕಾಯಿಸಿದರೆ ಒಡೆಯುತ್ತದೆ ಎಂಬ ಕಾರಣಕ್ಕೆ. ಇಲ್ಲೊಂದು ಒಳ್ಳೆಯ ಅನುಕೂಲವಿದೆ. ಡೈರಿಗೆ ಹಾಕಲಾಗದ ಹಾಲಾದ್ದರಿಂದ ಅದನ್ನು ಕರುವಿಗೆ ಕುಡಿಸಿದರೆ ಕಾಸು ಕಳೆದುಕೊಂಡಂತೆ ಆಗುವುದಿಲ್ಲ.

ಅದೇ ಗಿಣ್ಣಿನಲ್ಲಿ ಬೆಳವಣಿಗೆಯ ಅಂಶಗಳೂ ಇವೆ. ಐಜಿಎಫ್, ಇಜಿಎಫ್, ಟಿಜಿಎಫ್, ಇನ್ಸುಲಿನ್, ಎಲ್ಲವೂ ಮಾಮೂಲಿ ಹಾಲಿನಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಕೆಲವೇ ದಿನಗಳಲ್ಲಿ ಇವೂ ಇಳಿದುಹೋಗುತ್ತವೆ. ಕುದುರೆಯಲ್ಲೂ ಹೀಗೇ. ಅಲ್ಲಿಯಂತೂ ಮರಿ ಕುಡಿಯತೊಡಗಿದ ಒಂದು ದಿನದೊಳಗೆ ಗಿಣ್ಣು ಮುಗಿದು ಹಾಲು ಬಂದಿರುತ್ತದೆ. ಪುಡಿ ಮಾರುವವರು ಸಾಮಾನ್ಯವಾಗಿ ಹೇಳದ ಮಾತೊಂದಿದೆ. ಗಿಣ್ಣಿನ ಐಜಿಎಫ್ ರಕ್ತಕ್ಕೆ ಹೋಗಿ ಎಲುಬು, ಮಾಂಸ ಬೆಳೆಸುವುದು ತೀರ ಕಡಿಮೆ. ಅದರ ಕೆಲಸ ಬಹುಮಟ್ಟಿಗೆ ಕರುಳಿನಲ್ಲೇ. ಕರುಳಿನ ಒಳಗೋಡೆಯ ಮೇಲೆ ಹೀರುವ ಸಣ್ಣ ಎಳೆಗಳಿವೆ, ಗಿಣ್ಣು ಕುಡಿದ ಕರುವಿನಲ್ಲಿ ಅವು ಬೇಗ ಎತ್ತರಕ್ಕೆ ಬೆಳೆಯುತ್ತವೆ, ಹೀರುವ ನೆಲ ಅಗಲವಾಗುತ್ತದೆ. ಮುಂದೆ ಕುಡಿಯುವ ಪ್ರತಿ ಲೋಟ ಹಾಲಿನಿಂದ ಆ ಕರು ಹೆಚ್ಚು ಪಡೆದುಕೊಳ್ಳುತ್ತದೆ, ಹೆಚ್ಚು ಪಡೆದುಕೊಂಡಷ್ಟೂ ಅದರ ಯಕೃತ್ತು ತನ್ನದೇ ಐಜಿಎಫ್ಫನ್ನು ಹೆಚ್ಚು ತಯಾರಿಸುತ್ತದೆ. ಮೂರು ತಿಂಗಳ ಕರುವಿಗೆ ಡಬ್ಬಿಯಿಂದ ಹಾಕಿದ ಬೆಳವಣಿಗೆಯ ಅಂಶ ಬೇರೆ ಪ್ರೋಟೀನಿನ ಹಾಗೆಯೇ ಜೀರ್ಣವಾಗುತ್ತದೆ. ಆ ದುಡ್ಡಿಗೆ ಒಳ್ಳೆಯ ಹಿಂಡಿ, ಖನಿಜ ಮಿಶ್ರಣ, ಜಂತುಹುಳದ ಔಷಧಿ ತನ್ನಿ ಎನ್ನುವುದು ನನ್ನ ಸಲಹೆ.

ಗಿಣ್ಣಿನ ಋಣ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ಬಹಳ ಇಷ್ಟ. ಬ್ರೌನ್ ಸ್ವಿಸ್ ತಳಿಯ ಹೆಣ್ಣುಕರುಗಳಲ್ಲಿ ಕೆಲವಕ್ಕೆ ಹುಟ್ಟಿದ ಕೂಡಲೇ 2 ಲೀಟರ್, ಕೆಲವಕ್ಕೆ 4 ಲೀಟರ್ ಗಿಣ್ಣು ಕುಡಿಸಿ, ಅವು ಬೆಳೆದು ಹಸುವಾಗುವವರೆಗೂ ಲೆಕ್ಕ ಇಟ್ಟರು. 4 ಲೀಟರ್ ಕುಡಿದವು ಚೆನ್ನಾಗಿ ಬೆಳೆದವು. ಅಷ್ಟೇ ಅಲ್ಲ, ಮೊದಲ ಎರಡು ಸೂಲುಗಳಲ್ಲಿ ಹಾಲನ್ನೂ ಹೆಚ್ಚು ಕೊಟ್ಟವು. ಹುಟ್ಟಿದ ದಿನದ ಎರಡು ಲೀಟರ್ ಎರಡು ಮೂರು ವರ್ಷದ ಮೇಲೆ ಕೆಚ್ಚಲಿನಲ್ಲಿ ಕಾಣಿಸಿಕೊಂಡಿತು.

ಇಷ್ಟೆಲ್ಲ ಗೊತ್ತಿದ್ದೂ ನಾನು ಒಂದು ಕರುವನ್ನು ಕಳೆದುಕೊಂಡೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಮನೆ. ಅವರಿಗೆ ಮೊದಲ ಸೀಮೆ ಹಸು, ಮೊದಲ ಹೆಣ್ಣುಕರು. ಏಳನೇ ದಿನಕ್ಕೆ ಬಿಳಿ ಭೇದಿ ಶುರುವಾಗಿ ನನ್ನನ್ನು ಕರೆದರು. ಸಲೈನ್ ಹಾಕಿದೆ, ಆಂಟಿಬಯೋಟಿಕ್ ಕೊಟ್ಟೆ, ಎರಡು ದಿನ ಬೆಳಿಗ್ಗೆ ಸಂಜೆ ಹೋದೆ. ಒಂಬತ್ತನೇ ದಿನ ಕರು ಹೋಯಿತು. ಮನೆಯ ಹೆಂಗಸು ಬಾಗಿಲಲ್ಲಿ ಕೂತು ಅಳುತ್ತಾ, ಹಾಲಿಗೇನೂ ಕಡಿಮೆ ಮಾಡಿರಲಿಲ್ಲ ಸ್ವಾಮಿ, ಮೊದಲ ದಿನ ಪಕ್ಕದ ಮನೆಯಿಂದ ತಂದು ಕುಡಿಸಿದೆವು ಎಂದರು. ಕಸ ಬೀಳದೆ ತಾಯಿಯ ಹಾಲು ಕುಡಿಸಬಾರದು ಎಂದು ಹಿರಿಯರು ಹೇಳಿದ್ದರು. ಕಸ ಬಿದ್ದದ್ದು ರಾತ್ರಿ. ಕರೆದ ಗಿಣ್ಣು ನೆಂಟರ ಮನೆಗಳಿಗೆ ಹೋಗಿತ್ತು. ಮೂರು ದಿನ ಆ ಮನೆಗೆ ಹೋಗಿಬಂದರೂ ಗಿಣ್ಣಿನ ಮಾತನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಕುಣಿಗಲ್ ಕಡೆಯ ಆ ಕಪ್ಪು ಹಲಗೆ ನೆನಪಾದದ್ದು ವಾಪಸು ಬರುವ ದಾರಿಯಲ್ಲಿ. ಅಂದಿನಿಂದ ನನ್ನ ಮೊದಲ ಪ್ರಶ್ನೆ ಬದಲಾಗಿದೆ.

ಕಸ ಬೀಳುವ ತನಕ ಕಾಯುವ ಪದ್ಧತಿ ಎಲ್ಲಿಂದ ಬಂತು? ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಕ್ಯಾಂಪ್ ಹಾಕಿದಾಗೆಲ್ಲ ಹಳ್ಳಿಕಾರ್ ಸಾಕುವ ಹಿರಿಯರನ್ನು ಇದನ್ನೇ ಕೇಳಿದ್ದೇನೆ. ಒಬ್ಬರು ಹೇಳಿದ್ದು ಮನಸ್ಸಿನಲ್ಲಿ ಉಳಿದಿದೆ: “ನಮ್ಮ ಹಸಕ್ಕೆ ನಾವೇನು ಹೇಳಾದು ಸಾಮಿ, ಅದು ಕರ ಹತ್ರ ಯಾರ್ನೂ ಬಿಡಾಕಿಲ್ಲ. ನಾವು ಹೋಗಾದ್ರಾಗೆ ಕರ ಕುಡ್ದಿರ್ತೈತೆ.” ನನಗೆ ಅನ್ನಿಸುವುದು, ನಾಟಿ ಹಸುವಿನ ಕಾಲದಲ್ಲಿ ಕಸ ಬೀಳುವ ತನಕ ಕಾಯುತ್ತಿದ್ದವರು ಮನುಷ್ಯರು ಮಾತ್ರ. ಬಯಲಲ್ಲಿ, ಹಗ್ಗವಿಲ್ಲದೆ ಈದ ಹಸುವಿನ ಕರು ಅಷ್ಟರಲ್ಲಿ ಎದ್ದು ತನ್ನ ಪಾಲು ಕುಡಿದು ಮುಗಿಸಿರುತ್ತಿತ್ತು. ಸೀಮೆ ಹಸು ಬಂದ ಮೇಲೆ ಕರುವನ್ನು ಹುಟ್ಟಿದ ತಕ್ಷಣ ಬೇರೆ ಗೂಟಕ್ಕೆ ಕಟ್ಟತೊಡಗಿದೆವು. ಹಳೆಯ ಮಾತು ಹಾಗೇ ಉಳಿಯಿತು, ಈಗ ಅದು ಕರುವಿಗೂ ಅನ್ವಯಿಸತೊಡಗಿತು.

ಹಾಲು ಕುಡಿಸಿದರೆ ಕಸ ಒಳಗೇ ನಿಂತುಬಿಡುತ್ತದೆ ಎಂಬ ಭಯ ಹಲವರಿಗಿದೆ. ನಡೆಯುವುದು ಇದಕ್ಕೆ ವಿರುದ್ಧ. ಕರು ಕೆಚ್ಚಲಿಗೆ ಗುದ್ದಿ ಕುಡಿದಾಗ ತಾಯಿಯ ಮಿದುಳಿನಿಂದ ಆಕ್ಸಿಟೋಸಿನ್ ಬಿಡುಗಡೆಯಾಗುತ್ತದೆ. ಹಾಲು ಇಳಿಸುವುದೂ ಅದೇ, ಗರ್ಭಕೋಶವನ್ನು ಹಿಂಡಿ ಸಂಕುಚಿಸುವುದೂ ಅದೇ. ಕುಡಿಯುವ ಕರು ಕಸ ಬೀಳಲು ಕೈಜೋಡಿಸುತ್ತದೆ. ಕುದುರೆಯ ಕಸ ಮೂರು ಗಂಟೆಯೊಳಗೆ ಬೀಳದಿದ್ದರೆ ಅಲ್ಲಿ ವೈದ್ಯರು ಕೊಡುವುದೂ ಇದೇ ಆಕ್ಸಿಟೋಸಿನ್ ಇಂಜೆಕ್ಷನ್. ಹಸುವಿಗೆ ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ, 12 ಗಂಟೆ ದಾಟಿದರೆ ವೈದ್ಯರಿಗೆ ತಿಳಿಸಿ. ಎಳೆಯುವುದು, ಕಲ್ಲು ಕಟ್ಟುವುದು ಮಾತ್ರ ಬೇಡವೇ ಬೇಡ.

ಎಷ್ಟು ಕುಡಿಸಬೇಕು ಎಂದರೆ, ಕರುವಿನ ತೂಕದ ಹತ್ತನೇ ಒಂದು ಪಾಲು. ನಮ್ಮ ಮಿಶ್ರತಳಿ ಕರು 30 ಕೆ.ಜಿ. ಇದ್ದರೆ ಮೂರು ಲೀಟರ್. ಒಂದೂವರೆ ಎರಡು ಲೀಟರನ್ನು ಮೊದಲ ಎರಡು ಗಂಟೆಯೊಳಗೆ, ಉಳಿದದ್ದನ್ನು ಆರೆಂಟು ಗಂಟೆಯೊಳಗೆ. ಮೊಲೆಗೆ ಬಿಟ್ಟು ‘ಕುಡಿದಿರಬಹುದು’ ಎಂದು ಬಿಡಬೇಡಿ. ದೊಡ್ಡ ಕೆಚ್ಚಲಿನ ಸೀಮೆ ಹಸುವಿನ ಮೊಲೆ ಎಷ್ಟೋ ಸಲ ಕರುವಿನ ಬಾಯಿಗೆ ಸಿಗುವುದೇ ಇಲ್ಲ. ಕರೆದು, ಅಳೆದು, ನಿಪ್ಪಲ್ ಬಾಟಲಿಯಲ್ಲಿ ಕುಡಿಸಿ. ಗಂಡುಕರುವಿಗೂ ಅಷ್ಟೇ. ಹೆಣ್ಣಲ್ಲ ಎಂಬ ಕಾರಣಕ್ಕೆ ಹುಟ್ಟಿದ ದಿನವೇ ಹಸಿವಿಗೆ ಬಿಡುವುದನ್ನು ನೋಡಿ ನನಗೆ ಸಂಕಟವಾಗುತ್ತದೆ. ಹೆಚ್ಚು ಹಾಲಿನ ಹಸುವಿನಲ್ಲಿ ಕರುವಿನ ಪಾಲು ಹೋಗಿಯೂ ಗಿಣ್ಣು ಉಳಿಯುತ್ತದೆ. ಅದನ್ನು ಹಂಚಿ, ತಿನ್ನಿ, ಸಂತೋಷಪಡಿ. ಒಂದೆರಡು ಲೀಟರನ್ನು ಮಾತ್ರ ಸ್ವಚ್ಛವಾದ ಸೋಡಾ ಬಾಟಲಿಗೆ ಹಾಕಿ ತಾರೀಕು ಬರೆದು ಫ್ರೀಜರಿನಲ್ಲಿಡಿ. ಅಶ್ವಶಾಲೆಗಳಲ್ಲಿ ಹೀಗೆ ಗಿಣ್ಣಿನ ಬ್ಯಾಂಕೇ ಇರುತ್ತದೆ. ಒಳ್ಳೆಯ ತಾಯಿಯಿಂದ ಮರಿ ಕುಡಿದ ಮೇಲೆ ಕಾಲು ಲೀಟರಿನಷ್ಟು ಹಿಂಡಿ ಎತ್ತಿಡುತ್ತಾರೆ. ನಿಮ್ಮ ಊರಿನಲ್ಲಿ ಯಾರದೋ ಹಸು ಈದು ಸತ್ತರೆ, ಗಿಣ್ಣು ತೆಳ್ಳಗಿದ್ದರೆ ಆ ಬಾಟಲಿ ಒಂದು ಕರುವಿನ ಜೀವ. ಕರಗಿಸುವಾಗ ಕೈ ತಾಳುವಷ್ಟು ಬಿಸಿನೀರಿನಲ್ಲಿ ಬಾಟಲಿ ಮುಳುಗಿಸಿಡಿ. ಒಲೆಯ ಮೇಲಿಟ್ಟರೆ ಹೆಪ್ಪುಗಟ್ಟುತ್ತದೆ, ನಮ್ಮಮ್ಮನ ಗಿಣ್ಣಿನ ಹಾಗೆ. ಆಮೇಲೆ ಅದು ತಿನ್ನಲು ಚೆಂದ, ಕರುವಿಗೆ ಕಾವಲಾಗುವುದಿಲ್ಲ.

ತಾಯಿಯ ಬಗ್ಗೆ ಎರಡು ಮಾತು. ಗಿಣ್ಣು ತಯಾರಾಗುವುದು ಕೊನೆಯ ವಾರಗಳಲ್ಲಿ, ಹಾಗಾಗಿ ಈಯಲು 60 ದಿನ ಇರುವಾಗ ಹಾಲು ಬತ್ತಿಸಲೇಬೇಕು. ಕೊನೆಯ ದಿನದವರೆಗೂ ಕರೆದ ಹಸುವಿನಲ್ಲಿ ಗಿಣ್ಣು ನೀರು. ಕುದುರೆಯವರು ಈಯುವ ನಾಲ್ಕಾರು ವಾರ ಮೊದಲು ತಾಯಿಗೆ ಧನುರ್ವಾಯು ಲಸಿಕೆ ಹಾಕಿಸುತ್ತಾರೆ, ಗಿಣ್ಣಿನ ಮೂಲಕ ಮರಿಗೆ ಸಿಗಲಿ ಎಂದು. ತುಂಬುಗಬ್ಬದ ಹಸುವನ್ನು ದೂರದ ಸಂತೆಯಿಂದ ತಂದು ಮಾರನೆಯ ವಾರವೇ ಈಯಿಸಿದರೆ ಅದರ ಗಿಣ್ಣಿನಲ್ಲಿ ನಿಮ್ಮ ಕೊಟ್ಟಿಗೆಯ ರೋಗಾಣುಗಳಿಗೆ ಪ್ರತಿಕಾಯ ಇರುವುದಿಲ್ಲ. ತರುವುದಾದರೆ ತಿಂಗಳ ಮುಂಚೆ ತನ್ನಿ. ಈದ ಮೇಲೆ ತಾಯಿಯ ರಕ್ತದಲ್ಲೂ ಐಜಿಎಫ್ ಕುಸಿಯುತ್ತದೆ. ತಿನ್ನುವುದಕ್ಕಿಂತ ಹೆಚ್ಚು ಹಾಲಿಗೆ ಹೋಗುತ್ತಿರುವ ಬಡಕಲು ಹಸುವಿನಲ್ಲಿ ಅದು ಬೇಗ ಮೇಲೇಳುವುದಿಲ್ಲ, ಅಂಡಾಶಯವೂ ಎಚ್ಚರಗೊಳ್ಳುವುದಿಲ್ಲ. “ಈದು ನಾಲ್ಕು ತಿಂಗಳಾದ್ರೂ ಬೆದೆಗೆ ಬಂದಿಲ್ಲ” ಎಂಬ, ನನಗೆ ಬರುವ ಎರಡನೇ ಅತಿ ಸಾಮಾನ್ಯ ಪ್ರಶ್ನೆಯ ಬೇರು ಹೆಚ್ಚಾಗಿ ಇಲ್ಲೇ ಇರುತ್ತದೆ. ಅದಕ್ಕೆ ಇನ್ನೊಂದು ವಾರದ ಅಂಕಣ ಬೇಕು.

ಮೊನ್ನೆ ಶನಿವಾರ ನಮ್ಮ ಬೀದಿಯ ಕೊನೆಯ ಮನೆಯ ಹೆಣ್ಣುಮಗಳು ಸ್ಟೀಲ್ ಡಬ್ಬಿಯಲ್ಲಿ ಗಿಣ್ಣು ತಂದುಕೊಟ್ಟಳು. ಅವಳ ಹಸು ಬುಧವಾರ ರಾತ್ರಿ ಈದಿತ್ತು. ಹನ್ನೊಂದೂವರೆಗೆ ಫೋನ್ ಮಾಡಿ ಕಸ ಇನ್ನೂ ಬಿದ್ದಿಲ್ಲ, ಆದರೂ ಕುಡಿಸಲೇ ಎಂದು ಕೇಳಿದ್ದಳು. ಡಬ್ಬಿಯ ಮುಚ್ಚಳ ತೆಗೆದು ನೋಡಿದೆ. ಮೇಲೆ ನೀರು ನಿಂತಿತ್ತು, ಚಮಚ ಹಾಕಿದರೆ ಒಡೆದುಹೋಗುತ್ತಿತ್ತು.

“ನೆಟ್ಟಗೆ ಕೂತಿಲ್ಲ ಸಾರ್” ಎಂದಳು. “ಮೂರನೇ ದಿನದ್ದು. ಮೊದಲ್ನೇದು ಕರೀಗೇ ಸರಿಹೋಯ್ತು.”